ನ್ಯಾಯಾಧೀಶ ಹಾರ್ಟನ್ ಮತ್ತೆ ಮತ ಕೇಳಿದ ವರ್ಷ

ನ್ಯಾಯಾಧೀಶರನ್ನೂ ಶಾಸಕರಂತೆ ಜನರೇ ಮತ ಹಾಕಿ ಆರಿಸುವ ಪದ್ಧತಿ ಜಗತ್ತಿನಲ್ಲಿ ಇದೆಯೆಂದರೆ ನಮ್ಮಲ್ಲಿ ಬಹಳ ಮಂದಿಗೆ ಆಶ್ಚರ್ಯವಾಗುತ್ತದೆ. ನಮ್ಮ ತಾಲ್ಲೂಕು ನ್ಯಾಯಾಲಯದ ಸಿವಿಲ್ ನ್ಯಾಯಾಧೀಶರು ಪರೀಕ್ಷೆ ಬರೆದು ಬಂದವರು. ಜಿಲ್ಲಾ ನ್ಯಾಯಾಧೀಶರನ್ನು ಸಂವಿಧಾನದ 233ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ ರಾಜ್ಯಪಾಲರು ನೇಮಿಸುತ್ತಾರೆ. ಇವರು ಐದಾರು ವರ್ಷಕ್ಕೊಮ್ಮೆ ಮನೆಮನೆಯ ಬಾಗಿಲಿಗೆ ಬಂದು, ಕೈಮುಗಿದು, ‘ನನಗೆ ಇನ್ನೊಂದು ಅವಧಿ ಕೊಡಿ’ ಎಂದು ಕೇಳುವುದನ್ನು ನಾವು ಕಲ್ಪಿಸಿಕೊಳ್ಳಲಾರೆವು. ಆದರೆ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇದು ಮಾಮೂಲಿನ ಸಂಗತಿ. ಅಲ್ಲಿ ಕೇಂದ್ರ ಸರ್ಕಾರದ ನ್ಯಾಯಾಲಯಗಳಿಗೆ ಅಧ್ಯಕ್ಷರು ಸೆನೆಟ್ಟಿನ ಒಪ್ಪಿಗೆ ಪಡೆದು ಆಜೀವ ನೇಮಕ ಮಾಡುತ್ತಾರೆ, ನಿಜ. ಆದರೆ ಕೊಲೆ, ಕಳವು, ಜಮೀನು ತಗಾದೆ, ವಿಚ್ಛೇದನ ಮುಂತಾಗಿ ಸಾಮಾನ್ಯ ಜನರ ಬದುಕನ್ನು ಮುಟ್ಟುವ ಮೊಕದ್ದಮೆಗಳೆಲ್ಲ ನಡೆಯುವುದು ರಾಜ್ಯಗಳ ನ್ಯಾಯಾಲಯಗಳಲ್ಲಿ. ಅಲ್ಲಿ ಪೀಠದ ಮೇಲೆ ಕುಳಿತವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಹಂತದಲ್ಲಿ ಮತಪೆಟ್ಟಿಗೆಯ ಮುಂದೆ ನಿಲ್ಲಲೇಬೇಕು.

ಈ ಪದ್ಧತಿಯನ್ನು ತಂದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1832ರಲ್ಲಿ ಮಿಸಿಸಿಪ್ಪಿ ರಾಜ್ಯವು ತನ್ನ ಎಲ್ಲ ನ್ಯಾಯಾಧೀಶರನ್ನೂ ಜನರೇ ಚುನಾಯಿಸಬೇಕೆಂದು ನಿಯಮ ಮಾಡಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು. ಅನಂತರ ಒಂದರ ಹಿಂದೊಂದು ರಾಜ್ಯಗಳು ಅನುಸರಿಸಿದವು. ಅದಕ್ಕೆ ಮೊದಲು ರಾಜ್ಯಪಾಲರೋ ಶಾಸನಸಭೆಯೋ ತಮ್ಮ ಪಕ್ಷದವರನ್ನು, ಬೇಕಾದವರನ್ನು ಪೀಠದಲ್ಲಿ ಕೂರಿಸುತ್ತಿದ್ದರು. 1837ರ ಆರ್ಥಿಕ ಕುಸಿತದ ನಂತರ ಹಲವು ರಾಜ್ಯಗಳು ಸಾಲದಲ್ಲಿ ಮುಳುಗಿದಾಗ, ಶಾಸಕರ ದುಂದುಗಾರಿಕೆಗೆ ಕಡಿವಾಣ ಹಾಕಬಲ್ಲ ನ್ಯಾಯಾಧೀಶರು ಬೇಕು ಎಂಬ ಕೂಗೆದ್ದಿತು. ಶಾಸಕರ ಹಂಗಿನಲ್ಲಿ ಇಲ್ಲದವನು ಮಾತ್ರ ಶಾಸಕರನ್ನು ಎದುರಿಸಬಲ್ಲನು; ಆದ್ದರಿಂದ ಅವನಿಗೆ ಜನರ ಬಲವಿರಲಿ ಎಂಬುದು ಸುಧಾರಕರ ವಾದ. ನ್ಯಾಯಾಧೀಶನು ಸ್ವತಂತ್ರನಾಗಿರಲಿ ಎಂಬ ಆಸೆಯಿಂದಲೇ ಚುನಾವಣೆ ಬಂದಿತು. ಆದರೆ ಶಾಸಕರ ಹಂಗು ಕಳಚಿಕೊಂಡವನು ಮತದಾರರ ಹಂಗಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಅವರು ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ.

ಅಧಿಕಾರದಲ್ಲಿರುವ ನ್ಯಾಯಾಧೀಶನೊಬ್ಬ ಮತ್ತೆ ಕಣಕ್ಕಿಳಿದಾಗ ಜನ ಸಹಜವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಈತನ ಅರ್ಹತೆ ಏನು? ಈತನಿಗೆ ಈ ಕುರ್ಚಿ ಮತ್ತೆ ಏಕೆ ಬೇಕು? ಓದು, ಅನುಭವ, ನಡತೆ ಎಂದು ಮೊದಲನೆಯದಕ್ಕೆ ಪಟ್ಟಿ ಸಿದ್ಧವಿರುತ್ತದೆ. ‘ಜನಸೇವೆ’ ಎಂಬ ಉತ್ತರ ಎರಡನೆಯದಕ್ಕೆ ಸದಾ ಸಿದ್ಧ. ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನಾನು ಅಲಬಾಮಾ ರಾಜ್ಯದ ಒಬ್ಬ ಜಿಲ್ಲಾ ಮಟ್ಟದ ನ್ಯಾಯಾಧೀಶರ ಕಥೆಯನ್ನು ಹೇಳಬಯಸುತ್ತೇನೆ. ಅವರ ಹೆಸರು ಜೇಮ್ಸ್ ಎಡ್ವಿನ್ ಹಾರ್ಟನ್.

ಹಾರ್ಟನ್ ಹುಟ್ಟಿದ್ದು 1878ರಲ್ಲಿ. ಅಮೆರಿಕದ ದಕ್ಷಿಣ ಭಾಗದ ಹಳೆಯ, ಪ್ರತಿಷ್ಠಿತ ಮನೆತನ. ತಾಯಿಯ ತಂದೆ ಡೊನೆಲ್ಸನ್, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಕಾನ್ಫೆಡರೇಟ್ ಸೈನ್ಯದಲ್ಲಿ ಜನರಲ್ ಆಗಿದ್ದವರು. ಹಾರ್ಟನ್ ಟೆನೆಸ್ಸಿಯ ಕಂಬರ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಅಥೆನ್ಸ್ ಎಂಬ ಸಣ್ಣ ಪಟ್ಟಣದಲ್ಲಿ ವಕೀಲಿ ನಡೆಸಿದರು. ರಾಜ್ಯದ ಶಾಸನಸಭೆಯಲ್ಲೂ ಇದ್ದರು. 1922ರಲ್ಲಿ ಸರ್ಕಿಟ್ ನ್ಯಾಯಾಧೀಶರಾಗಿ ಚುನಾಯಿತರಾದರು. ಅದು ಆರು ವರ್ಷದ ಅವಧಿಯ ಹುದ್ದೆ. 1928ರಲ್ಲಿ ಅವರ ವಿರುದ್ಧ ಯಾರೂ ನಿಲ್ಲಲೇ ಇಲ್ಲ. ಎತ್ತರದ, ತೆಳ್ಳನೆಯ, ಮಿತಭಾಷಿ ಮನುಷ್ಯ. ಪತ್ರಕರ್ತರು ಅವರನ್ನು ನೋಡಿ ಲಿಂಕನ್ನರನ್ನು ನೆನೆಯುತ್ತಿದ್ದರು. 1934ರ ಚುನಾವಣೆಯಲ್ಲೂ ಅವರು ಸುಲಭವಾಗಿ ಆರಿಸಿ ಬರುತ್ತಿದ್ದರೆಂದು ಹೇಳಬಹುದು, ನಡುವೆ ಒಂದು ಮೊಕದ್ದಮೆ ಬಾರದೆ ಇದ್ದಿದ್ದರೆ.

ಆ ಮೊಕದ್ದಮೆ ಇತಿಹಾಸದಲ್ಲಿ ಸ್ಕಾಟ್ಸ್‌ಬರೋ ಪ್ರಕರಣವೆಂದು ಹೆಸರಾಗಿದೆ. 1931ರ ಮಾರ್ಚ್ 25. ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಹುಡುಕುತ್ತ ಸರಕು ರೈಲುಗಳಿಗೆ ಕದ್ದು ಹತ್ತಿ ಊರೂರು ಅಲೆಯುವವರು ಸಾವಿರಾರು ಮಂದಿ. ಅಂಥ ಒಂದು ರೈಲಿನಲ್ಲಿ ಬಿಳಿಯ ಹುಡುಗರಿಗೂ ಕಪ್ಪು ಹುಡುಗರಿಗೂ ಜಗಳವಾಗಿ, ಬಿಳಿಯರನ್ನು ಕೆಳಗಿಳಿಸಲಾಯಿತು. ಸುದ್ದಿ ಮುಂದಿನ ನಿಲ್ದಾಣಕ್ಕೆ ತಲುಪಿತು. ಪೇಂಟ್ ರಾಕ್ ಎಂಬಲ್ಲಿ ಬಂದೂಕು ಹಿಡಿದ ಜನ ರೈಲನ್ನು ತಡೆದು ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಅವರಲ್ಲಿ ಅತಿ ಕಿರಿಯವನಿಗೆ ಹದಿಮೂರು ವರ್ಷವೂ ಸರಿಯಾಗಿ ತುಂಬಿರಲಿಲ್ಲವೆನ್ನುತ್ತಾರೆ. ಅದೇ ರೈಲಿನಲ್ಲಿದ್ದ ವಿಕ್ಟೋರಿಯಾ ಪ್ರೈಸ್ ಮತ್ತು ರೂಬಿ ಬೇಟ್ಸ್ ಎಂಬ ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ನಡೆಯಿತೆಂಬ ಆರೋಪ ಹುಟ್ಟಿತು. ಎರಡು ವಾರದಲ್ಲಿ ಸ್ಕಾಟ್ಸ್‌ಬರೋ ಪಟ್ಟಣದಲ್ಲಿ ವಿಚಾರಣೆ ಮುಗಿದು ಎಂಟು ಮಂದಿಗೆ ಮರಣದಂಡನೆಯಾಯಿತು. ಆರೋಪಿಗಳಿಗೆ ಸರಿಯಾದ ವಕೀಲರ ನೆರವು ಸಿಗಲಿಲ್ಲವೆಂದು 1932ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪುಗಳನ್ನು ಬದಿಗೊತ್ತಿತು. ಮರುವಿಚಾರಣೆ ಡಿಕೇಟರ್ ಪಟ್ಟಣಕ್ಕೆ ಬಂದಿತು. ಪೀಠದಲ್ಲಿ ಹಾರ್ಟನ್.

1933ರ ಮಾರ್ಚ್ ಕೊನೆಯಲ್ಲಿ ಹೇವುಡ್ ಪ್ಯಾಟರ್ಸನ್ ಎಂಬ ಆರೋಪಿಯ ವಿಚಾರಣೆ ಮೊದಲಾಯಿತು. ಸರ್ಕಾರದ ಪರ ರಾಜ್ಯದ ಅಟಾರ್ನಿ ಜನರಲ್ ಥಾಮಸ್ ನೈಟ್ ತಾವೇ ನಿಂತರು. ಹಿಂದಿನ ಶಿಕ್ಷೆಯನ್ನು ಎತ್ತಿಹಿಡಿದ ಅಲಬಾಮಾ ಸುಪ್ರೀಂ ಕೋರ್ಟಿನ ತೀರ್ಪನ್ನು ಬರೆದವರು ಇವರ ತಂದೆ. ಆರೋಪಿಯ ಪರ ನ್ಯೂಯಾರ್ಕಿನ ಹೆಸರಾಂತ ವಕೀಲ ಸ್ಯಾಮ್ಯುಯೆಲ್ ಲೀಬೊವಿಟ್ಜ್. ಆತ ಯಹೂದಿ. ಸರ್ಕಾರಿ ವಕೀಲರಲ್ಲೊಬ್ಬರು ಜ್ಯೂರಿಯ ಮುಂದೆ, ಅಲಬಾಮಾದ ನ್ಯಾಯವನ್ನು ನ್ಯೂಯಾರ್ಕಿನ ಯಹೂದಿ ಹಣದಿಂದ ಕೊಳ್ಳಲಾಗದೆಂದು ತೋರಿಸಿಕೊಡಿ ಎಂಬರ್ಥದ ಮಾತನ್ನೇ ಆಡಿದರು. ಕೈದಿಗಳನ್ನು ಹೊರಗೆಳೆದು ಕೊಲ್ಲುವ ಮಾತು ಊರಿನಲ್ಲಿ ಹರಿದಾಡುತ್ತಿದ್ದಾಗ, ಕೈದಿಗಳ ಮೈಮುಟ್ಟಲು ಬರುವವರು ಕಾವಲಿನವರ ಗುಂಡನ್ನು ಎದುರಿಸಬೇಕಾಗುತ್ತದೆ ಎಂದು ಹಾರ್ಟನ್ ತೆರೆದ ನ್ಯಾಯಾಲಯದಲ್ಲೇ ಎಚ್ಚರಿಸಿದರು. ಹೀಗೆ ಎಚ್ಚರಿಸಲ್ಪಟ್ಟವರೇ ಮರುವರ್ಷ ಅವರ ಮತದಾರರು ಎಂಬುದನ್ನು ಮರೆಯಬಾರದು.

ಸಾಕ್ಷ್ಯದ ಸ್ಥಿತಿ ಹೀಗಿತ್ತು. ಇಬ್ಬರು ದೂರುದಾರರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಆರೋಪಿಗಳ ಪರವಾಗಿ ಕಟಕಟೆಗೆ ಬಂದು, ಅಂಥದ್ದೇನೂ ನಡೆಯಲೇ ಇಲ್ಲವೆಂದು ಹೇಳಿದಳು. ಘಟನೆಯ ದಿನವೇ ಇಬ್ಬರನ್ನೂ ಪರೀಕ್ಷಿಸಿದ ವೈದ್ಯ ಬ್ರಿಜಸ್ ಹೇಳಿದ ಸಂಗತಿಗಳು ವಿಕ್ಟೋರಿಯಾ ಪ್ರೈಸಳ ಹೇಳಿಕೆಗೆ ಹೊಂದುತ್ತಿರಲಿಲ್ಲ. ಇನ್ನೊಬ್ಬ ಕಿರಿಯ ವೈದ್ಯ ವಿಚಾರಣೆಯ ನಡುವೆ ತಮ್ಮನ್ನು ಏಕಾಂತದಲ್ಲಿ ಕಂಡು, ಆ ಹುಡುಗಿಯರು ಸುಳ್ಳು ಹೇಳುತ್ತಿದ್ದಾರೆ, ಆದರೆ ಸಾಕ್ಷಿ ನುಡಿದರೆ ನಾನು ಊರಿಗೆ ಮರಳಿ ವೃತ್ತಿ ನಡೆಸಲಾರೆ ಎಂದು ತಿಳಿಸಿದನೆಂದು ಹಾರ್ಟನ್ ಬಹುಕಾಲದ ಮೇಲೆ ಹೇಳಿದರು. ಆ ವೈದ್ಯ ಅದನ್ನು ನಿರಾಕರಿಸಿದ್ದೂ ದಾಖಲಾಗಿದೆ. ಯಾರ ಮಾತು ನಿಜವೇ ಆಗಲಿ, ಊರನ್ನು ನೆಚ್ಚಿ ಬದುಕುವವನಿಗೆ ಊರಿನ ಅಭಿಪ್ರಾಯದ ಭಯ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ವೈದ್ಯನಿಗೆ ರೋಗಿಗಳು ಬೇಕು, ಅಂಗಡಿಯವನಿಗೆ ಗಿರಾಕಿಗಳು ಬೇಕು. ಅಲಬಾಮಾದಲ್ಲಿ ನ್ಯಾಯಾಧೀಶನಿಗೂ ಮತಗಳು ಬೇಕಿದ್ದವು.

ಏಪ್ರಿಲ್ 9ರ ಭಾನುವಾರ ಜ್ಯೂರಿಯ ಹನ್ನೆರಡು ಬಿಳಿಯ ಗಂಡಸರು ಹೊರಬಂದು ‘ತಪ್ಪಿತಸ್ಥ, ಮರಣದಂಡನೆ’ ಎಂದರು. ಹಾರ್ಟನ್ ಸುಮ್ಮನಿದ್ದಿದ್ದರೆ ಅವರನ್ನು ಯಾರೂ ದೂರುವಂತಿರಲಿಲ್ಲ. ತೀರ್ಪು ಜ್ಯೂರಿಯದು, ನ್ಯಾಯಾಧೀಶನು ವಿಚಾರಣೆಯನ್ನು ಸಭ್ಯವಾಗಿ ನಡೆಸಿದ್ದ, ಉಳಿದದ್ದನ್ನು ಮೇಲಿನ ನ್ಯಾಯಾಲಯ ನೋಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳಲು ಕಾನೂನಿನಲ್ಲೇ ಅವಕಾಶವಿತ್ತು. ತೀರ್ಪನ್ನು ಬದಿಗೊತ್ತಿದರೆ ಮುಂದಿನ ಚುನಾವಣೆಯಲ್ಲಿ ಉಳಿಗಾಲವಿಲ್ಲ ಎಂಬ ಎಚ್ಚರಿಕೆಯೂ ಅವರಿಗೆ ತಲುಪಿತ್ತೆಂದು ಈ ಪ್ರಕರಣದ ಇತಿಹಾಸಕಾರರು ಬರೆದಿದ್ದಾರೆ.

1933ರ ಜೂನ್ 22ರಂದು ಅಥೆನ್ಸಿನ ನ್ಯಾಯಾಲಯದಲ್ಲಿ ಹೊಸ ವಿಚಾರಣೆ ಕೋರಿದ ಅರ್ಜಿ ಬಂದಿತ್ತು. ಅದು ತಿರಸ್ಕೃತವಾಗುವುದೆಂದೇ ಎಲ್ಲರ ಎಣಿಕೆ. ಹಾರ್ಟನ್ ತಾವು ಬರೆದುಕೊಂಡು ಬಂದಿದ್ದ ದೀರ್ಘ ಆದೇಶವನ್ನು ಓದತೊಡಗಿದರು. ಅದರಲ್ಲಿ ಜನಾಂಗದ ಬಗ್ಗೆ ಭಾಷಣವಿಲ್ಲ, ಜ್ಯೂರಿಯನ್ನು ಹೀಯಾಳಿಸುವ ಮಾತಿಲ್ಲ. ದೂರುದಾರಳ ಹೇಳಿಕೆಯನ್ನು ಒಂದೊಂದಾಗಿ ಎತ್ತಿಕೊಂಡು ಉಳಿದ ಸಾಕ್ಷ್ಯದೊಡನೆ ಹೋಲಿಸುತ್ತಾರೆ. ಬಂದೂಕಿನ ಹಿಡಿಯಿಂದ ತಲೆಗೆ ಹೊಡೆದರೆಂದಳು. ತಲೆಯ ಗಾಯ ವೈದ್ಯರಿಗೆ ಕಾಣಲಿಲ್ಲ. ಚೂಪು ಜಲ್ಲಿಯ ರಾಶಿಯ ಮೇಲೆ ಬಲಾತ್ಕಾರವಾಗಿ ಮಲಗಿಸಿದರೆಂದಳು. ಬೆನ್ನಿನ ಮೇಲೆ ತಕ್ಕಷ್ಟು ಗಾಯಗಳಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ವೈದ್ಯರು ನೋಡಿದಾಗ ನಾಡಿಬಡಿತ, ಉಸಿರಾಟ ಸಹಜವಾಗಿದ್ದವು. ಹಗಲಿನಲ್ಲಿ, ಊರುಗಳ ನಡುವೆ ಹಾದುಹೋಗುವ ರೈಲಿನ ತೆರೆದ ಡಬ್ಬಿಯಲ್ಲಿ ಇದೆಲ್ಲ ನಡೆಯಿತೆಂಬುದನ್ನು ಸಮರ್ಥಿಸುವ ಮತ್ತೊಂದು ಸಾಕ್ಷ್ಯವಿಲ್ಲ. ಆಕೆಯ ಹೇಳಿಕೆಗೆ ಬೆಂಬಲವಿಲ್ಲದಿರುವುದಷ್ಟೇ ಅಲ್ಲ, ಸಾಕ್ಷ್ಯದ ಭಾರ ಅದಕ್ಕೆ ವಿರುದ್ಧವಾಗಿಯೇ ಇದೆ ಎಂದು ತೀರ್ಮಾನಿಸಿ, ಜ್ಯೂರಿಯ ತೀರ್ಪನ್ನು ಬದಿಗೊತ್ತಿ ಹೊಸ ವಿಚಾರಣೆಗೆ ಆದೇಶಿಸಿದರು. ಖುಲಾಸೆ ಮಾಡುವ ಅಧಿಕಾರ ಅವರಿಗಿರಲಿಲ್ಲ. ಇದ್ದ ಅಧಿಕಾರವನ್ನು ಪೂರ್ತಿಯಾಗಿ ಬಳಸಿದರು.

ನಂತರದ ಘಟನೆಗಳು ಬೇಗ ಬೇಗ ಜರುಗಿದವು. ಪ್ರಕರಣ ಅವರ ಪೀಠದಿಂದ ವಿಲಿಯಂ ಕ್ಯಾಲಹನ್ ಎಂಬ ಇನ್ನೊಬ್ಬ ನ್ಯಾಯಾಧೀಶರಿಗೆ ಹೋಯಿತು. ಕ್ಯಾಲಹನ್ ಪ್ಯಾಟರ್ಸನ್ನನ ಜ್ಯೂರಿಗೆ ಸೂಚನೆ ಕೊಡುವಾಗ, ನಿರಪರಾಧಿಯೆಂದು ಕಂಡುಬಂದರೆ ಯಾವ ರೀತಿ ತೀರ್ಪು ಬರೆಯಬೇಕೆಂದು ಹೇಳುವುದನ್ನೇ ಮರೆತರು, ವಕೀಲರು ನೆನಪಿಸಬೇಕಾಯಿತು. 1933 ಮುಗಿಯುವುದರೊಳಗೆ ಪ್ಯಾಟರ್ಸನ್ ಮತ್ತು ಕ್ಲಾರೆನ್ಸ್ ನಾರಿಸ್ ಇಬ್ಬರಿಗೂ ಮತ್ತೆ ಮರಣದಂಡನೆಯಾಯಿತು.

1934 ಬಂದಿತು. ಹಾರ್ಟನ್ ಅವಧಿ ಮುಗಿಯುತ್ತಿತ್ತು. ಆ ಕಾಲದ ಅಲಬಾಮಾದಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ಏಕಚಕ್ರಾಧಿಪತ್ಯ; ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದವನೇ ನಿಜವಾಗಿ ಗೆದ್ದಂತೆ. ಹಿಂದಿನ ಬಾರಿ ಎದುರಾಳಿಯೇ ಇಲ್ಲದಿದ್ದವರಿಗೆ ಈ ಸಲ ಎದುರಾಳಿಗಳು ಹುಟ್ಟಿಕೊಂಡರು. ಕೊನೆಯ ಸುತ್ತಿನಲ್ಲಿ ಹಾರ್ಟನ್ ಸೋತರು. ಅದೇ ವರ್ಷ, ಅದೇ ರಾಜ್ಯದ ಮತದಾರರು ಅಟಾರ್ನಿ ಜನರಲ್ ನೈಟ್ ಅವರನ್ನು ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಏರಿಸಿದರು. ಮೊಕದ್ದಮೆಯ ವಕೀಲನಿಗೆ ಬಡ್ತಿ, ನ್ಯಾಯಾಧೀಶನಿಗೆ ಮನೆ. ‘ಯಥಾರ್ಥವಾದೀ ಲೋಕವಿರೋಧೀ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಲ್ಲಿ ‘ಜನರು ತಿರಸ್ಕರಿಸಿದರು’ ಎಂದು ಬರೆದುಬಿಡುವುದು ಸುಲಭ. ಆದರೆ ಯಾವ ಜನರು? ಅಲಬಾಮಾದ 1901ರ ಸಂವಿಧಾನವು ಅಕ್ಷರ ಪರೀಕ್ಷೆ, ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವ ಮತದ ತೆರಿಗೆ ಮುಂತಾದ ತಂತ್ರಗಳಿಂದ ಕಪ್ಪು ಜನರನ್ನು ಬಹುತೇಕ ಸಂಪೂರ್ಣವಾಗಿ ಮತದಾರರ ಪಟ್ಟಿಯಿಂದ ಹೊರಗಿಟ್ಟಿತ್ತು. ಬಡ ಬಿಳಿಯರಲ್ಲೂ ಹಲವರು ಹೊರಬಿದ್ದಿದ್ದರು. ಆ ಕೌಂಟಿಗಳಲ್ಲಿ ಜ್ಯೂರಿಗೆ ಕಪ್ಪು ಮನುಷ್ಯನೊಬ್ಬ ಕುಳಿತದ್ದನ್ನು ಕಂಡವರೇ ಇರಲಿಲ್ಲ. 1935ರಲ್ಲಿ ಇದೇ ಪ್ರಕರಣ ಮತ್ತೆ ಸುಪ್ರೀಂ ಕೋರ್ಟಿಗೆ ಹೋದಾಗ, ಜ್ಯೂರಿ ಪಟ್ಟಿಯ ಪುಸ್ತಕವನ್ನೇ ನ್ಯಾಯಮೂರ್ತಿಗಳ ಮುಂದೆ ತಂದಿಡಲಾಯಿತು. ಕಪ್ಪು ಜನರ ಕೆಲವು ಹೆಸರುಗಳನ್ನು ಆಮೇಲೆ ತುರುಕಿದ್ದು ಭೂತಗನ್ನಡಿಯಲ್ಲಿ ಕಂಡಿತು. ಅಂದರೆ ಕಟಕಟೆಯಲ್ಲಿ ನಿಂತವರ ಬಂಧುಬಳಗದವರು ಜ್ಯೂರಿಯಲ್ಲೂ ಇಲ್ಲ, ಮತಗಟ್ಟೆಯ ಸಾಲಿನಲ್ಲೂ ಇಲ್ಲ. ಹಾರ್ಟನ್ ಯಾರ ಪ್ರಾಣವನ್ನು ಉಳಿಸಿದರೋ ಅವರಲ್ಲಿ ಒಬ್ಬನಿಗೂ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಮತ ಹಾಕುವ ಹಕ್ಕಿದ್ದವರಿಗೆ ಅವರು ಅಪ್ರಿಯರಾಗಿದ್ದರು. ನ್ಯಾಯಾಧೀಶರ ಚುನಾವಣೆಯಲ್ಲಿರುವ ತೊಡಕು ನನಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನ್ಯಾಯಾಲಯಕ್ಕೆ ಬಹುಸಂಖ್ಯಾತರ ರಕ್ಷಣೆ ಅಷ್ಟಾಗಿ ಬೇಕಿಲ್ಲ, ಅವರಿಗೆ ಶಾಸನಸಭೆ ಇದೆ. ಅದರ ಬಾಗಿಲು ಬಡಿಯುವವನು ಬೇರೆಲ್ಲೂ ಗತಿಯಿಲ್ಲದವನು. ಅವನ ಹಣೆಬರಹವನ್ನು ಬರೆಯುವ ಲೇಖನಿ ಬಹುಸಂಖ್ಯಾತರ ಮತದ ಮೇಲೆ ನಿಂತಿರುತ್ತದೆ.

ಈಗ ಮೊದಲಿನ ಎರಡು ಪ್ರಶ್ನೆಗಳಿಗೆ ಬರೋಣ. ಹಾರ್ಟನ್ ಅವರ ಅರ್ಹತೆ ಏನಿತ್ತು? ಕಾನೂನು ಪದವಿ, ಹನ್ನೊಂದು ಹನ್ನೆರಡು ವರ್ಷದ ಪೀಠದ ಅನುಭವ, ಕಳಂಕವಿಲ್ಲದ ನಡತೆ ಎಲ್ಲವೂ 1928ರಲ್ಲಿ ಇದ್ದಂತೆಯೇ 1934ರಲ್ಲೂ ಇತ್ತು, ಅನುಭವ ಹೆಚ್ಚಿತ್ತು. ಕಾಗದದ ಮೇಲಿನ ಅರ್ಹತೆಯಲ್ಲಿ ಎಳ್ಳಷ್ಟೂ ಕೊರತೆಯಾಗಿರಲಿಲ್ಲ. ಹೊಸದಾಗಿ ಸೇರಿದ್ದು ಒಂದೇ: ತನಗೆ ನಷ್ಟವಾಗುವ ಕಡೆಯಲ್ಲೂ ಈತ ಸಾಕ್ಷ್ಯವನ್ನೇ ಅನುಸರಿಸುತ್ತಾನೆ ಎಂಬ ಪುರಾವೆ. ನ್ಯಾಯಾಧೀಶನಿಗೆ ಅದಕ್ಕಿಂತ ದೊಡ್ಡ ಅರ್ಹತಾಪತ್ರ ಬೇರೆ ಇಲ್ಲ. ಮತದಾರರು ಅದನ್ನೇ ಅನರ್ಹತೆಯೆಂದು ಓದಿಕೊಂಡರು.

ಸೋಲಿನ ಸಂಭವ ಇಷ್ಟು ಸ್ಪಷ್ಟವಾಗಿದ್ದರೂ ಅವರು ಏಕೆ ನಿಂತರು? ಒಬ್ಬರ ಮನಸ್ಸಿನೊಳಗೆ ಇಣುಕಿ ನೋಡಲು ಇತಿಹಾಸಕ್ಕೆ ಕಿಟಕಿಯಿಲ್ಲ. ನಡತೆಯನ್ನು ನೋಡಿ ಊಹಿಸಬಹುದು ಅಷ್ಟೆ. ಕುರ್ಚಿಯೊಂದೇ ಬೇಕಾಗಿದ್ದರೆ ಅದನ್ನು ಉಳಿಸಿಕೊಳ್ಳುವ ದಾರಿ 1933ರ ಜೂನಿನಲ್ಲಿ ಅವರ ಕೈಯಲ್ಲೇ ಇತ್ತು. ಚುನಾವಣೆ ಒಂದು ವರ್ಷ ದೂರವಿರುವಾಗ ಅದನ್ನು ಬಿಟ್ಟುಕೊಟ್ಟು, ಆಮೇಲೆ ನಿಂತು ಮತ ಕೇಳಿದ ಮನುಷ್ಯನು ತಾನು ಮಾಡಿದ್ದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ಊರಿನ ಮುಂದೆ ನಿಂತು ಹೇಳಿದಂತಾಯಿತು ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ. ಸ್ವರ್ಗವೇ ಕುಸಿದು ಬಿದ್ದರೂ ನ್ಯಾಯ ನಡೆಯಲಿ ಎಂಬ ಲ್ಯಾಟಿನ್ ನುಡಿಯನ್ನು ತಾಯಿಯಿಂದ ಕಲಿತೆನೆಂದು ಅವರು ಹೇಳುತ್ತಿದ್ದರು. ಸೋತ ಮೇಲೆ ಯಾರನ್ನೂ ದೂರುತ್ತ ಕೂರಲಿಲ್ಲ. ವಕೀಲಿ ಮತ್ತು ಬೇಸಾಯ, ದನಕರುಗಳ ಸಾಕಣೆಯಲ್ಲಿ ಉಳಿದ ಬಾಳನ್ನು ಕಳೆದರು.

ಇದನ್ನು ಓದಿ, ‘ನಮ್ಮ ಪದ್ಧತಿಯೇ ಮೇಲು, ನೇಮಕವಾದ ನ್ಯಾಯಾಧೀಶರಿಗೆ ಈ ಭಯವಿಲ್ಲ’ ಎಂದು ನಾವು ಎದೆಯುಬ್ಬಿಸುವಂತಿಲ್ಲ. ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರನ್ನು ಕನ್ನಡಿಗರು ಮರೆಯಬಾರದು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂದಿತು. ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದ ಬಹುಮತದಲ್ಲಿ ಶೆಲಾತ್, ಹೆಗ್ಡೆ, ಗ್ರೋವರ್ ಇದ್ದರು. ಕೂಡಲೇ ಕೇಂದ್ರ ಸರ್ಕಾರ ಸೇವಾಹಿರಿತನದಲ್ಲಿ ಮುಂದಿದ್ದ ಈ ಮೂವರನ್ನೂ ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿಸಿತು. ಮೂವರೂ ರಾಜೀನಾಮೆಯಿತ್ತರು. ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲಿನಲ್ಲಿ, ಒಬ್ಬಂಟಿಯಾಗಿ ಭಿನ್ನಮತ ಬರೆದ ಎಚ್. ಆರ್. ಖನ್ನಾ ಅವರಿಗೂ 1977ರ ಜನವರಿಯಲ್ಲಿ ಅದೇ ಗತಿಯಾಯಿತು. ಅಲ್ಲಿ ಮತದಾರರು ಮಾಡಿದ್ದನ್ನು ಇಲ್ಲಿ ಸರ್ಕಾರ ಮಾಡಿತು. ಸ್ವಾರಸ್ಯವೆಂದರೆ ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದು ಸ್ಪೀಕರ್ ಆದರು. ಸರ್ಕಾರ ಬದಿಗೆ ಸರಿಸಿದವರನ್ನು ಜನ ಎತ್ತಿ ಕೂರಿಸಿದರು. ಜನರ ಮತ ಯಾವಾಗಲೂ ಅನ್ಯಾಯದ ಕಡೆಗೇ ಬೀಳುತ್ತದೆಂದು ಹೇಳಲು ಬರುವುದಿಲ್ಲ. ಹಾರ್ಟನ್ ಅವರನ್ನೂ 1922ರಲ್ಲಿ ಆರಿಸಿದ್ದು ಅದೇ ಜನರಲ್ಲವೇ?

ಅಮೆರಿಕದಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. 1940ರಲ್ಲಿ ಮಿಸ್ಸೂರಿ ರಾಜ್ಯ ಒಂದು ಮಧ್ಯಮಾರ್ಗ ಹುಡುಕಿತು. ಸಮಿತಿಯ ಶಿಫಾರಸಿನ ಮೇಲೆ ನೇಮಕ, ಕೆಲಕಾಲದ ನಂತರ ‘ಈತ ಮುಂದುವರಿಯಲೇ ಬೇಡವೇ’ ಎಂದಷ್ಟೇ ಜನರನ್ನು ಕೇಳುವುದು. ಅದರಲ್ಲೂ ಅಪಾಯ ತಪ್ಪಿಲ್ಲ. ಸಲಿಂಗ ವಿವಾಹದ ಪರವಾಗಿ 2009ರಲ್ಲಿ ಒಮ್ಮತದ ತೀರ್ಪಿತ್ತ ಐಯೋವಾ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳನ್ನು 2010ರಲ್ಲಿ ಮತದಾರರು ಮನೆಗೆ ಕಳಿಸಿದರು. ಈಚೆಗೆ ಹಣದ ಹಾವಳಿಯೂ ಸೇರಿದೆ. 2025ರ ಏಪ್ರಿಲಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟಿನ ಒಂದೇ ಒಂದು ಸ್ಥಾನದ ಚುನಾವಣೆಗೆ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು.

ಸ್ಕಾಟ್ಸ್‌ಬರೋ ಹುಡುಗರಲ್ಲಿ ಯಾರನ್ನೂ ಕೊನೆಗೆ ಗಲ್ಲಿಗೆ, ಅಂದರೆ ಅಲ್ಲಿನ ವಿದ್ಯುತ್ ಕುರ್ಚಿಗೆ, ಏರಿಸಲಾಗಲಿಲ್ಲ. ಆದರೆ ಮಾಡದ ತಪ್ಪಿಗೆ ಅವರು ಕಳೆದ ಸೆರೆವಾಸದ ವರ್ಷಗಳನ್ನು ಕೂಡಿಸಿದರೆ ನೂರನ್ನು ಮೀರುತ್ತದೆ. 1937ರಲ್ಲಿ ನಾಲ್ವರನ್ನು ಬಿಟ್ಟರು. ಉಳಿದವರು ಮುಂದೆ ಒಬ್ಬೊಬ್ಬರಾಗಿ ಹೊರಬಂದರು. ಕ್ಲಾರೆನ್ಸ್ ನಾರಿಸ್‌ಗೆ 1976ರಲ್ಲಿ ಕ್ಷಮಾದಾನ ದೊರೆಯಿತು. ಪ್ಯಾಟರ್ಸನ್ ಸೇರಿ ಇನ್ನು ಮೂವರಿಗೆ ಅಲಬಾಮಾ ರಾಜ್ಯ ಮರಣೋತ್ತರ ಕ್ಷಮಾದಾನ ನೀಡಿದ್ದು 2013ರಲ್ಲಿ, ಹಾರ್ಟನ್ ಆದೇಶ ಓದಿ ಎಂಬತ್ತು ವರ್ಷಗಳಾದ ಮೇಲೆ. ಹಾರ್ಟನ್ 1973ರಲ್ಲಿ 95ರ ವಯಸ್ಸಿನಲ್ಲಿ ತೀರಿಕೊಂಡರು. 2017ರಲ್ಲಿ ಅಥೆನ್ಸಿನ ನ್ಯಾಯಾಲಯದ ಬಳಿ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಅಲಬಾಮಾದಲ್ಲಿ ನ್ಯಾಯಾಧೀಶರು ಇಂದಿಗೂ ಪಕ್ಷದ ಹೆಸರಿನಲ್ಲಿ ಚುನಾವಣೆಗೆ ನಿಲ್ಲುತ್ತಾರೆ. ಆ ಪ್ರತಿಮೆಯ ಮುಂದೆ ಹಾದು ಮತ ಕೇಳಲು ಹೋಗುವ ಯಾವುದೇ ನ್ಯಾಯಾಧೀಶರನ್ನು ಮತದಾರರು, ‘ನಮಗೆ ಇಷ್ಟವಾಗದ ಯಾವ ತೀರ್ಪನ್ನು ನೀವು ಕೊಟ್ಟಿದ್ದೀರಿ, ಅದಕ್ಕೆ ಸಾಕ್ಷ್ಯವೇನಿತ್ತು’ ಎಂದು ಕೇಳುವಂತಾದರೆ, ಚುನಾವಣೆಯಿಂದಲೂ ಒಳ್ಳೆಯ ನ್ಯಾಯಾಧೀಶರು ಬಂದಾರು.